ಅಂಬಾಸಿಡರ್‌ನಲ್ಲಿ ಇದ್ದಕ್ಕಿದ್ದಂತೆ ಕರೆಂಟ್ ಹೋದಾಗ: ಕಂದು ವೈರ್ ಹಿಡಿದು ಹುಡುಕಿದ್ದು

ಓಡುವ ಗಾಡಿಯಲ್ಲಿ ಎಂಜಿನ್ ಆಫ್ ಆದರೆ ಡ್ಯಾಶ್‌ಬೋರ್ಡ್‌ನ ಕೆಂಪು ದೀಪ ಹತ್ತಬೇಕು. ನನ್ನ ಅಂಬಾಸಿಡರ್‌ನಲ್ಲಿ ಅದೂ ಹತ್ತಲಿಲ್ಲ. ಅಂದರೆ ಕರೆಂಟೇ ಇಲ್ಲ; ಪೆಟ್ರೋಲ್, ಕಾರ್ಬುರೇಟರ್, ಪ್ಲಗ್ ಯಾವುದನ್ನೂ ಮುಟ್ಟುವ ಅಗತ್ಯ ಇಲ್ಲ ಅಂತ ಅಲ್ಲೇ ಗೊತ್ತಾಯಿತು.

ಗಾಡಿ ಮಾರ್ಕ್ 4, 1489 ಸಿಸಿ ಪೆಟ್ರೋಲ್. ಚಿತ್ರದುರ್ಗದಿಂದ ದಾವಣಗೆರೆಗೆ ವಾಪಸ್ ಬರುತ್ತಿದ್ದೆ. ಮಬ್ಬು ಕವಿದಿತ್ತು, ಹೆಡ್‌ಲೈಟ್ ಹಾಕಿದ್ದೆ. ಭರಮಸಾಗರ ದಾಟಿದ ಮೇಲೆ ಲೈಟು, ಹಾರ್ನು, ಎಂಜಿನ್ನು ಎಲ್ಲ ಒಟ್ಟಿಗೇ ಹೋದವು. ಪವರ್ ಸ್ಟೀರಿಂಗ್ ಇಲ್ಲದ ಗಾಡಿ, ಹಾಗಾಗಿ ಇದ್ದ ವೇಗದಲ್ಲೇ ಆರಾಮಾಗಿ ಪಕ್ಕಕ್ಕೆ ತಂದೆ. ಹೈವೇ 48ರಲ್ಲಿ ಹಿಂದಿನ ಲೈಟ್ ಇಲ್ಲದೆ ನಿಲ್ಲುವುದು ಜೀವಕ್ಕೆ ಕುತ್ತು. ಮೊದಲು ಟಾರ್ಚ್ ಹಚ್ಚಿ ಹಿಂದೆ ಇಟ್ಟು, ಆಮೇಲೆ ಬಾನೆಟ್ ಎತ್ತಿದೆ.

ಲಾರಿ ನಿಲ್ಲಿಸಿದ ಒಬ್ಬರು ಬಗ್ಗಿ ನೋಡಿ, "ಫ್ಯೂಸ್ ಹೋಗೈತಿ ನೋಡ್ರಿ ಸರ" ಅಂದರು. ಎಲ್ಲರೂ ಹೇಳುವುದು ಅದನ್ನೇ. ಆದರೆ ನನ್ನ ಗಾಡಿಯಲ್ಲಿ ಹೆಡ್‌ಲೈಟಿಗೂ, ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗೂ ಫ್ಯೂಸೇ ಇಲ್ಲ. ಇರುವ ಎರಡು ಫ್ಯೂಸ್ ಹಾರ್ನು, ವೈಪರ್, ಇಂಡಿಕೇಟರ್ ತರಹದವಕ್ಕೆ. ಎರಡೂ ಸುಟ್ಟರೂ ಎಂಜಿನ್ ಓಡುತ್ತಿರಬೇಕು. ಎಲ್ಲ ಒಟ್ಟಿಗೆ ಹೋಗಿದೆ ಅಂದರೆ, ಎಲ್ಲಕ್ಕೂ ಕರೆಂಟ್ ಬರುವ ಒಂದೇ ದಾರಿ ಎಲ್ಲೋ ಕಟ್ ಆಗಿದೆ. ಆ ದಾರಿ ಉದ್ದವೇನಲ್ಲ. ಬ್ಯಾಟರಿ, ಅದರ ಟರ್ಮಿನಲ್, ಬಾಡಿಗೆ ಹೋಗುವ ಅರ್ಥ್ ಪಟ್ಟಿ, ಸ್ಟಾರ್ಟರ್ ಸೊಲೆನಾಯ್ಡ್‌ನ (ಸ್ಟಾರ್ಟರ್ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್) ದೊಡ್ಡ ಸ್ಟಡ್, ಅಂದರೆ ವೈರ್ ಕೂರಿಸುವ ಬೋಲ್ಟ್, ಅಲ್ಲಿಂದ ಫ್ಯೂಸ್ ಬಾಕ್ಸ್ ಕಡೆಗೆ ಹೋಗುವ ದಪ್ಪ ಕಂದು ವೈರು. ಬ್ರಿಟಿಷ್ ಕಂಪನಿ ಲೂಕಾಸ್‌ನ ಪದ್ಧತಿಯ ವೈರಿಂಗ್‌ನಲ್ಲಿ ಕಂದು ಅಂದರೆ ಬ್ಯಾಟರಿಯಿಂದ ನೇರ ಬರುವ, ಫ್ಯೂಸ್ ಇಲ್ಲದ ವೈರು.

ಟರ್ಮಿನಲ್ ತಿರುಗಿಸಿ ನೋಡಿದೆ, ಬಿಗಿಯಾಗೇ ಇತ್ತು. ಅಷ್ಟರಲ್ಲಿ ಕರೆಂಟ್ ತಾನಾಗೇ ಬಂತು! ಖುಷಿಗಿಂತ ತಲೆನೋವೇ ಜಾಸ್ತಿ. ಸರಿ ಇರುವ ಗಾಡಿಯಲ್ಲಿ ದೋಷ ಹುಡುಕುವುದು ಹೇಗೆ?

ಮನೆಗೆ ಬಂದ ಮೇಲೆ ಮಾಡಿದ್ದು ಇಷ್ಟು. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ ಬಿಸಿಯಾಗಲು ಬಿಟ್ಟೆ. ಕೊನೆಗೂ ಮತ್ತೆ ಹೋಯಿತು. ಸ್ವಿಚ್ ಎಲ್ಲ ಆಫ್ ಮಾಡಿ ವೋಲ್ಟ್ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್, ಫ್ಯೂಸ್ ಬಾಕ್ಸ್‌ನ ಕಂದು ವೈರಿನಲ್ಲೂ 12ರ ಹತ್ತಿರ. ಆದರೂ ಹಾರ್ನ್ ಒತ್ತಿದರೆ ಸದ್ದೇ ಇಲ್ಲ. ಪಿ.ಬಿ. ರೋಡ್ ಕಡೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ಫೋನ್ ಮಾಡಿದೆ. "ಮೀಟ್ರು ಬಿಡ್ರಿ ಸರ, ಇಂಡಿಕೇಟರ್ ಬಲ್ಬ್ ಹಚ್ಚಿ ನೋಡ್ರಿ" ಅಂದರು.

ಅವರ ಮಾತು ಲಾಖ್ ರೂಪಾಯಿದು. ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ತಾಮ್ರದ ಒಂದೇ ಎಳೆ ತಾಗಿಕೊಂಡಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಾಗಲ್ಲ, ಒಂದೂಮುಕ್ಕಾಲು ಆಂಪಿಯರ್ ಕೇಳುತ್ತದೆ. ಕೊಡುವ ತಾಕತ್ತು ವೈರಿಗೆ ಇಲ್ಲದಿದ್ದರೆ ಬಲ್ಬ್ ಹತ್ತುವುದೇ ಇಲ್ಲ.

ಹೋಲ್ಡರ್‌ಗೆ ಎರಡು ವೈರ್ ಕಟ್ಟಿಕೊಂಡೆ. ಬ್ಯಾಟರಿ ಪಾಸಿಟಿವ್‌ನಿಂದ ಬಾಡಿಯ ಬರಿ ಕಬ್ಬಿಣಕ್ಕೆ ಹಿಡಿದರೆ ಝಗ್ಗನೆ ಹತ್ತಿತು. ಬ್ಯಾಟರಿ, ಅರ್ಥ್ ಎರಡೂ ಸರಿ. ಸೊಲೆನಾಯ್ಡ್ ಸ್ಟಡ್‌ನಲ್ಲೂ ಹತ್ತಿತು. ಫ್ಯೂಸ್ ಬಾಕ್ಸ್‌ನ ಕಂದು ವೈರಿಗೆ ಹಿಡಿದರೆ ಒಳಗಿನ ತಂತಿ ಕೆಂಪಗೂ ಆಗಲಿಲ್ಲ. ಬಲ್ಬ್ ಅಲ್ಲೇ ಸಿಕ್ಕಿಸಿಟ್ಟು, ಸೊಲೆನಾಯ್ಡ್ ಹತ್ತಿರ ಕಂದು ವೈರನ್ನು ಒಣ ಕೋಲಿನಿಂದ ಅಲ್ಲಾಡಿಸಿದೆ. ಪಕ್ ಪಕ್ ಅಂತ ಮಿಂಚಿತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸ್ಟಡ್‌ನ ನಟ್ ತೆಗೆದೆ. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್, ಹೊರಗಡೆ ಚೆನ್ನಾಗೇ ಕಾಣುತ್ತಿತ್ತು. ಅದರ ಬುಡದಲ್ಲಿ ವೈರಿನ ಪ್ಲಾಸ್ಟಿಕ್ ಕಪ್ಪಾಗಿ, ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಯಾಯಿತು. ಒಳಗೆ ತಾಮ್ರಕ್ಕೆ ಹಸಿರು ಕಿಲುಬು. ಬಹುಪಾಲು ಎಳೆ ತುಂಡಾಗಿ, ಉಳಿದವು ಸುಮ್ನೆ ಲಗ್‌ಗೆ ಒರಗಿಕೊಂಡಿದ್ದವು. ಬಿಸಿಯಾದಾಗ ಬಿಡುವುದು, ಆರಿದಾಗ ತಾಗುವುದು.

ಕಾರಣ ಊಹಿಸುವುದು ಕಷ್ಟವಲ್ಲ. ಹೆಡ್‌ಲೈಟಿನಲ್ಲಿ ಮೊದಲಿದ್ದ ಕಮ್ಮಿ ವ್ಯಾಟಿನ ಬಲ್ಬ್ ತೆಗೆದು ಯಾರೋ 60 ವ್ಯಾಟ್ ಹ್ಯಾಲೋಜೆನ್ ಹಾಕಿದ್ದಾರೆ. ಎರಡಕ್ಕೆ ಸೇರಿ 10 ಆಂಪಿಯರ್. ಸಡಿಲ ಜೋಡಣೆಯಲ್ಲಿ ಓಮ್‌ನ ಹತ್ತನೇ ಒಂದು ಭಾಗ ತಡೆ ಇದ್ದರೂ, ಅಷ್ಟು ಚಿಕ್ಕ ಜಾಗದಲ್ಲಿ 10 ವ್ಯಾಟ್ ಬಿಸಿ. ಬಿಸಿಯಾದಷ್ಟೂ ಕಿಲುಬು, ಕಿಲುಬಿದಷ್ಟೂ ಬಿಸಿ.

ಇಡೀ ವೈರಿಂಗ್ ಬದಲಿಸಿ ಅಂದವರೂ ಇದ್ದಾರೆ. ನನಗೆ ಅದು ಅತಿ ಅನ್ನಿಸಿತು. ಹೊಳೆಯುವ ತಾಮ್ರ ಸಿಗುವ ತನಕ ಹಳೆ ವೈರ್ ಕತ್ತರಿಸಿ, ಸೊಲೆನಾಯ್ಡ್ ಕಡೆಯ ತುಂಡಿಗೆ ಮಾತ್ರ 6 ಚದರ ಮಿ.ಮೀ. ವೈರ್ ಹಾಕಿದೆ. ತಾಮ್ರದ ಲಗ್ ಒತ್ತಿಸಿ ಬೆಸುಗೆ ಹಾಕಿ, ಸ್ಟಡ್ಡನ್ನು ಎಮರಿ ಪೇಪರ್‌ನಿಂದ ಉಜ್ಜಿದೆ. ಆಮೇಲೆ ಹೆಡ್‌ಲೈಟ್ ಹಾಕಿಟ್ಟು, ಬ್ಯಾಟರಿ ಪಾಸಿಟಿವ್‌ಗೆ ಮೀಟರಿನ ಒಂದು ಕಡ್ಡಿ, ಫ್ಯೂಸ್ ಬಾಕ್ಸ್‌ನ ಕಂದು ವೈರಿಗೆ ಇನ್ನೊಂದು. ಲೋಡ್ ಇರುವಾಗ ಮೀಟರನ್ನೂ ನಂಬಬಹುದು. 0.2 ವೋಲ್ಟ್ ತೋರಿಸಿತು. ಅರ್ಧ ವೋಲ್ಟ್ ದಾಟಿದ್ದರೆ ಮತ್ತೆ ಬಿಚ್ಚುತ್ತಿದ್ದೆ.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಚಾರ್ಜಿಂಗ್ ಪರೀಕ್ಷೆ ಮಾಡುವ ಹಳೆ ಚಾಳಿ ಕೆಲವರಿಗಿದೆ. ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇದ್ದ ಕಾಲದ್ದು ಅದು. ಡೈನಮೋ ಬದಲು ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಅದರ ಡಯೋಡ್ ಸುಟ್ಟುಹೋಗಬಹುದು. ನಿಮ್ಮ ಗಾಡಿಗೆ ಯಾರಾದರೂ ಕೈ ಹಾಕುವ ಮೊದಲೇ ಹೇಳಿಬಿಡಿ.