ರೋಬಾಟಿಗೆ ತಿಳಿಯುವಂಥ ಪುಟ್ಟ ಕನ್ನಡವನ್ನು ಕಟ್ಟುವ ಬಗೆ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು, ಮಾತು ಕೇಳಿ ಓಡಾಡುವ ರೋಬಾಟನ್ನು ಜೋಡಿಸುವವರು ಅದಕ್ಕೆ ಕನ್ನಡದಲ್ಲೇ ಆಜ್ಞೆ ಕೊಡಬೇಕೆಂದಿದ್ದರೆ, ಕೋಡ್ ಬರೆಯುವ ಮೊದಲೇ ಪದಗಳನ್ನು ಆರಿಸಿಕೊಳ್ಳಬೇಕು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2010ರಲ್ಲಿ ಹೊರಬಂದ ‘ರೋಯ್ಲಾ’ ಎಂಬ ಕೃತಕ ಭಾಷೆಯ ಪದಗಳನ್ನು, ಯಂತ್ರದ ಕಿವಿಗೆ ಒಂದು ಇನ್ನೊಂದರಂತೆ ಕೇಳಿಸಬಾರದೆಂಬ ಉದ್ದೇಶದಿಂದಲೇ ಹೆಣೆಯಲಾಯಿತು. ಅದರಲ್ಲಿ ಕ್ರಿಯಾಪದ ರೂಪ ಬದಲಿಸುವುದಿಲ್ಲ. ಭೂತಕಾಲಕ್ಕೆ ‘ಜಿಫಿ’, ಭವಿಷ್ಯತ್ತಿಗೆ ‘ಜಿಫೋ’ ಎಂಬ ಬಿಡಿ ಪದ ಸೇರಿಸಿದರೆ ಸಾಕು. ನಾವು ಹೊಸ ಭಾಷೆ ಹುಟ್ಟಿಸಬೇಕಿಲ್ಲ, ಆ ಶಿಸ್ತನ್ನು ಕನ್ನಡಕ್ಕೆ ತಂದುಕೊಂಡರಾಯಿತು.

ಮೊದಲು ರೋಬಾಟು ಮಾಡಬಲ್ಲ ಕೆಲಸಗಳನ್ನಷ್ಟೇ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದೇ ಪದವನ್ನು ಗೊತ್ತುಮಾಡಿ.

ಇನ್ನು ಉಚ್ಚಾರಣೆ. ನಿಜವಾದ ಕಷ್ಟವಿರುವುದು ಇಲ್ಲೇ. ‘ಹಿಡಿ’ ಮತ್ತು ‘ಇಡಿ’ ಎಂಬ ಆಜ್ಞೆಗಳನ್ನು ರೋಬಾಟಿನ ಕೈಗೆ ಕೊಟ್ಟರೆ, ಆಡುಮಾತಿನಲ್ಲಿ ಹಕಾರ ಸವೆಯುವ ಕಾರಣ ತದ್ವಿರುದ್ಧವಾದ ಎರಡು ಕೆಲಸಗಳಿಗೂ ಒಂದೇ ಸದ್ದು ಉಳಿಯುತ್ತದೆ. ‘ಹಿಡಿದುಕೋ’, ‘ಕೆಳಗಿಡು’ ಎಂದು ಉದ್ದ ಮಾಡಿದರೆ ಗೊಂದಲ ತೀರುತ್ತದೆ. ‘ಮುಂದಕ್ಕೆ’, ‘ಹಿಂದಕ್ಕೆ’ ಎಂಬ ಜೋಡಿಯೂ ಬಹುಪಾಲು ಒಂದೇ ಸದ್ದಿನದು. ‘ಹಿಂದಕ್ಕೆ’ಯ ಬದಲು ‘ವಾಪಸ್ಸು’ ಎನ್ನುವುದು ಮೇಲು. ‘ಮೂರು’, ‘ಆರು’, ‘ನೂರು’ ಸಹ ಹೀಗೆಯೇ ಬೆರೆಯುವುದರಿಂದ, ದೂರವನ್ನು ಅಂಕಿಗಳಲ್ಲಿ ಹೇಳದೆ ‘ಸ್ವಲ್ಪ’ ಎಂದು ಹೇಳಿ ಮುಗಿಸುವುದು ಕ್ಷೇಮ. ನಮ್ಮ ಸಿಟಿ ಬಸ್ಸಿನ ಕಂಡಕ್ಟರುಗಳು ಹೊರಡಲು ‘ರೈಟ್’, ನಿಲ್ಲಿಸಲು ‘ಹೋಲ್ಡಾನ್’ ಎನ್ನುತ್ತಾರೆ. ಎಂಜಿನ್ನಿನ ಗದ್ದಲದಲ್ಲೂ ಆ ಎರಡು ಕೂಗುಗಳು ಬೆರೆಯುವುದಿಲ್ಲ.

ನಿಷೇಧವನ್ನು ಬಳಸಲೇಬೇಡಿ. ‘ನಡೆಯಬೇಡ’ ಎಂಬಲ್ಲಿ ‘ನಡೆ’ ಮೊದಲು ಬರುತ್ತದೆ, ‘ಬೇಡ’ ಕೊನೆಯಲ್ಲಿ. ಮೊದಲ ಭಾಗ ಕೇಳಿದೊಡನೆ ಹೊರಡುವ ಯಂತ್ರಕ್ಕೆ ಉಳಿದದ್ದು ತಲುಪುವುದು ತಡವಾಗಿ.

ಒಂದು ಕೆಲಸಕ್ಕೆ ಒಂದೇ ಪದವೆಂಬ ನಿಯಮವನ್ನು ನಿಲ್ಲಿಸುವ ಆಜ್ಞೆಗೆ ಮಾತ್ರ ಮುರಿಯಬೇಕು. ಗಾಬರಿಯಾದವರು ‘ನಿಲ್ಲು’, ‘ನಿಲ್ಸು’, ‘ನಿಲ್ಲೋ’, ‘ಸ್ಟಾಪ್’ ಎಂದು ಬಾಯಿಗೆ ಬಂದದ್ದನ್ನು ಕೂಗುತ್ತಾರೆ. ರೋಬಾಟು ಅವೆಲ್ಲಕ್ಕೂ ನಿಲ್ಲಬೇಕು. ತಪ್ಪಾಗಿ ಕೇಳಿಸಿಕೊಂಡು ನಿಂತರೆ ನಷ್ಟವಿಲ್ಲ, ಆದರೆ ತಪ್ಪಾಗಿ ಹೊರಟರೆ ಯಾರಿಗಾದರೂ ಪೆಟ್ಟಾದೀತು.

ಕೊನೆಗೆ ಮಕ್ಕಳು, ಹಿರಿಯರು, ಮಂಡ್ಯ ಮತ್ತು ಧಾರವಾಡ ಕಡೆಯಿಂದ ಬಂದವರು, ಹೀಗೆ ಬೇರೆಬೇರೆಯವರ ದನಿಯನ್ನು ಕಿಟಕಿ ತೆರೆದಿಟ್ಟು, ರಸ್ತೆಯ ಸದ್ದಿನ ನಡುವೆಯೇ ಧ್ವನಿಮುದ್ರಿಸಿಕೊಳ್ಳಿ. ಯಾವ ಪದವನ್ನು ಯಂತ್ರ ಯಾವುದೆಂದು ಭಾವಿಸಿತು ಎಂಬುದನ್ನು ಕೋಷ್ಟಕದಲ್ಲಿ ಬರೆದು, ಮತ್ತೆ ಮತ್ತೆ ಗೊಂದಲಕ್ಕೀಡಾಗುವ ಪದ ಎಷ್ಟೇ ಚೆಂದವಿದ್ದರೂ ಅದನ್ನು ಕೈಬಿಟ್ಟು ಬೇರೊಂದನ್ನು ಹುಡುಕಿ.