ಮಂಡಿಯ ಕಾರ್ಟಿಲೇಜಿಗೆ ಡಿಜೆಮ್ರಿಕ್: ಯಂತ್ರದ ಹೊರಗಿನ ಎರಡು ಗಂಟೆ

ಮಂಡಿಯ ಕಾರ್ಟಿಲೇಜ್ (ಮೂಳೆಯ ತುದಿಯ ಮೃದುವಾದ ಪದರ) ತೆಳುವಾಗುವ ಮೊದಲೇ ಅದರೊಳಗಿನ ಗ್ಲೈಕೋಸಮಿನೋಗ್ಲೈಕಾನ್ ಎಂಬ ಸಕ್ಕರೆ ಸರಪಳಿ, ಅಂದರೆ ಗ್ಯಾಗ್, ಕರಗತೊಡಗುತ್ತದೆ. ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ಇದು ಗೊತ್ತಾಗುವುದಿಲ್ಲ. ಕಾಂಟ್ರಾಸ್ಟ್ ಮದ್ದು ಕೊಟ್ಟು, ಸ್ವಲ್ಪ ಹೊತ್ತು ಕಾದು ಮಾಡುವ ಎಂಆರ್‌ಐ, ಅಂದರೆ ಡಿಜೆಮ್ರಿಕ್, ಅಳೆಯುವುದು ಇದನ್ನೇ. ಗ್ಯಾಗ್‌ಗೆ ಋಣ ವಿದ್ಯುದಾವೇಶ, ಗ್ಯಾಡೊಪೆಂಟಿಟೇಟ್ ಎಂಬ ಕಾಂಟ್ರಾಸ್ಟ್ ಮದ್ದಿಗೂ ಋಣವೇ. ಹಾಗಾಗಿ ಗ್ಯಾಗ್ ತುಂಬಿರುವ ಕಡೆ ಮದ್ದು ಕಡಿಮೆ ಸೇರುತ್ತದೆ, ಬರಿದಾದ ಕಡೆ ನುಗ್ಗುತ್ತದೆ. ನುಗ್ಗಿದಲ್ಲಿ ಟಿ1, ಅಂದರೆ ಎಂಆರ್‌ಐಯಲ್ಲಿ ಕದಡಿದ ಕಾಂತತೆ ಮತ್ತೆ ಮೊದಲಿನಂತಾಗಲು ಹಿಡಿಯುವ ಹೊತ್ತು, ಇಳಿಯುತ್ತದೆ; ಪರೀಕ್ಷೆ ಕೊಡುವ ಅಂಕಿ ಇದೇ.

ಮೊದಲು ಕಿಡ್ನಿ ನೋಡಿ. ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆಯಿದ್ದರೆ ಈ ಪರೀಕ್ಷೆಯ ಯೋಚನೆ ಬಿಡಿ. ಯುರೋಪಿನ ಔಷಧ ನಿಯಂತ್ರಕರು 2017ರಲ್ಲಿ ಗ್ಯಾಡೊಪೆಂಟಿಟೇಟನ್ನು ರಕ್ತನಾಳಕ್ಕೆ ಕೊಡುವುದನ್ನು ತಡೆದ ಮೇಲೆ ಗ್ಯಾಡೊಟೆರೇಟ್ ಬಳಸುವವರೂ ಇದ್ದಾರೆ. ಅದರದ್ದು ಒಂದೇ ಋಣಾವೇಶ, ಮೊದಲಿನದಕ್ಕೆ ಎರಡು. ಆದ್ದರಿಂದ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಡಬೇಡಿ. ಗ್ಯಾಡೊಬ್ಯುಟ್ರಾಲ್‌ಗೆ ಆವೇಶವೇ ಇಲ್ಲ. ಇದಕ್ಕೆ ಅದು ತಕ್ಕದ್ದಲ್ಲ.

ಪ್ರಮಾಣ ಕೆ.ಜಿ.ಗೆ 0.2 ಮಿಲಿಮೋಲ್, ವಾಡಿಕೆಯ ಎರಡು ಪಟ್ಟು. ಹಾಗಾಗಿ ರೇಡಿಯಾಲಜಿ ವೈದ್ಯರೇ ಒಪ್ಪಿ ಬರೆಯಬೇಕು. ಮಿ.ಲೀ.ಗೆ 0.5 ಮಿಲಿಮೋಲ್ ಇರುವ ಮದ್ದಾದರೆ 60 ಕೆ.ಜಿ.ಯವರಿಗೆ 24 ಮಿ.ಲೀ. ತೂಕ ಕೇಳಿ ಬರೆದುಕೊಳ್ಳಬೇಡಿ, ಅಲ್ಲೇ ತೂಗಿಸಿ. ಇಷ್ಟಾದರೂ ಸ್ಥೂಲಕಾಯದವರಲ್ಲಿ ರಕ್ತದಲ್ಲಿ ಮದ್ದಿನ ಸಾಂದ್ರತೆ ಹೆಚ್ಚಾಗಿ, ಕಾರ್ಟಿಲೇಜ್ ಚೆನ್ನಾಗಿದ್ದರೂ ಅಂಕಿ ಕೆಳಗೆ ಬರುತ್ತದೆ. ಬಿಎಂಐ ವರದಿಯಲ್ಲಿ ಇರಲೇಬೇಕು.

ಇಂಜೆಕ್ಷನ್ ಮುಗಿದ ಕೂಡಲೇ ರೋಗಿಯನ್ನು ಹತ್ತು ನಿಮಿಷ ನಡೆಸಿ. ಹೆಚ್ಚಿನ ಕಡೆ ಕೆಡುವುದು ಇಲ್ಲೇ: ಜನಸಂದಣಿಯಲ್ಲಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತಾರೆ. ಕೀಲು ಆಡದಿದ್ದರೆ ಮದ್ದು ನಿಧಾನವಾಗಿ ಇಳಿಯುತ್ತದೆ, ಸವೆದ ಕಾರ್ಟಿಲೇಜ್ ಕೂಡ ಗಟ್ಟಿಮುಟ್ಟಾಗಿ ತೋರುತ್ತದೆ. ನಡಿಗೆಯ ನಂತರ ಕಾಯಬೇಕು. ಮಂಡಿಯ ಸ್ಕ್ಯಾನ್ ಇಂಜೆಕ್ಷನ್ ಆಗಿ 90ರಿಂದ 120 ನಿಮಿಷಕ್ಕೆ. ಸೊಂಟದ ಕೀಲಿನ ಪದರ ತೆಳು, ಅಲ್ಲಿ 30ರಿಂದ 90 ನಿಮಿಷ ಸಾಕು. ಪದರದ ದಪ್ಪ ಎರಡರಷ್ಟಾದರೆ ಮದ್ದು ಹರಡಲು ಸುಮಾರು ನಾಲ್ಕರಷ್ಟು ಹೊತ್ತು ಬೇಕು. ಮಂಡಿಚಿಪ್ಪಿನ ಹಿಂಭಾಗದಲ್ಲಿ ಪದರ ದಪ್ಪ; ಅಲ್ಲಿನ ಅಂಕಿಯನ್ನು ಈ ಕಾರಣಕ್ಕೇ ಅನುಮಾನದಿಂದ ಓದಬೇಕು.

ಸ್ಕ್ಯಾನಿಗೆ ಮಂಡಿ ಕಾಯಿಲ್ (ಮಂಡಿಯ ಸುತ್ತ ಇಟ್ಟು ಸಂಕೇತ ಹಿಡಿಯುವ ಸಾಧನ), ಇನ್ವರ್ಷನ್ ರಿಕವರಿ (ಟಿ1 ಅಳೆಯುವ ವಿಧಾನ), 3 ಮಿ.ಮೀ. ಸ್ಯಾಜಿಟಲ್ (ಪಕ್ಕದಿಂದ ನೋಡಿದಂತಿರುವ) ಸ್ಲೈಸ್; ಕಾಂಡೈಲಿನ (ತೊಡೆಮೂಳೆಯ ತುದಿಯ ಉಬ್ಬಿನ) ನಡುವಿಗೆ ಸರಿಯಾಗಿ. ಟಿಐ (ಇನ್ವರ್ಷನ್ ಪಲ್ಸ್ ಆದ ಮೇಲೆ ಅಳತೆಗೆ ಕಾಯುವ ಹೊತ್ತು) 50, 100, 200, 400, 800, 1600 ಮಿಲಿಸೆಕೆಂಡ್. ಎರಡು ಫ್ಲಿಪ್ ಆಂಗಲ್‌ನ (ರೇಡಿಯೊ ಪಲ್ಸ್ ಕಾಂತತೆಯನ್ನು ಬಾಗಿಸುವ ಕೋನ) ತ್ರೀಡಿ ವಿಧಾನ ಬೇಗ ಮುಗಿಯುತ್ತದೆ, ಆದರೆ ಬಿ1 (ಆ ಪಲ್ಸ್‌ನ ಬಲ) ಏರುಪೇರಿಗೆ ತಿದ್ದುಪಡಿ ಇಲ್ಲದಿದ್ದರೆ ಅದರ ಟಿ1 ನಂಬುವಂತಿಲ್ಲ. ಚಿತ್ರಗಳ ನಡುವೆ ರೋಗಿಯ ಕಾಲು ಅರ್ಧ ಮಿ.ಮೀ.ನಷ್ಟು ಜರುಗಿದರೂ ಎರಡು ಮೂರು ಮಿ.ಮೀ. ಪದರದ ಲೆಕ್ಕ ತಪ್ಪುತ್ತದೆ. ಇಕ್ಕೆಲದಲ್ಲೂ ಸ್ಪಂಜು ಒತ್ತಿ ಇಡಿ.

ಆರ್‌ಒಐ (ಅಂಕಿ ತೆಗೆಯಲು ಚಿತ್ರದಲ್ಲಿ ಗುರುತಿಸುವ ಜಾಗ) ಬರೆಯುವಾಗ ಮೂಳೆಯ ಗೆರೆಯಿಂದಲೂ ಮೇಲ್ಮೈಯಿಂದಲೂ ಒಂದು ಪಿಕ್ಸೆಲ್ ಒಳಕ್ಕೆ ಬನ್ನಿ. ಕೀಲುದ್ರವದಲ್ಲೂ ಮದ್ದಿರುತ್ತದೆ, ಅದರ ಒಂದೆರಡು ಪಿಕ್ಸೆಲ್ ಸೇರಿದರೂ ಅಂಕಿ ಹಾಳು.

ಶಸ್ತ್ರಚಿಕಿತ್ಸೆಯಿಂದ ತೇಪೆ ಹಾಕಿದ ಕಾರ್ಟಿಲೇಜಿನ ಮೂಲ ಟಿ1 ಬೇರೆಯೇ ಇರುತ್ತದೆ. ಅಲ್ಲಿ ಮದ್ದಿಗೆ ಮೊದಲೂ ಒಮ್ಮೆ ಅಳೆದು ಡೆಲ್ಟಾ ಆರ್1 (ಮದ್ದಿನ ನಂತರದ 1/ಟಿ1ರಿಂದ ಮೊದಲಿನ 1/ಟಿ1 ಕಳೆದದ್ದು) ತೆಗೆಯಿರಿ: 1200 ಮಿಲಿಸೆಕೆಂಡ್ 400ಕ್ಕೆ ಇಳಿದರೆ, ಸೆಕೆಂಡಿಗೆ 2.5ರಿಂದ 0.83 ಕಳೆದು 1.67. ಇದು ಹೆಚ್ಚಿದ್ದಷ್ಟೂ ಗ್ಯಾಗ್ ಕಡಿಮೆ. 1.5 ಟೆಸ್ಲಾದ (ಯಂತ್ರದ ಕಾಂತಬಲದ ಅಳತೆ) ಗಡಿ ಅಂಕಿಗಳನ್ನು 3 ಟೆಸ್ಲಾಗೆ ಎಳೆದು ತರಬೇಡಿ. ವರ್ಷದ ನಂತರ ಮತ್ತೆ ಅಳೆಯುವುದಿದ್ದರೆ ಅದೇ ಯಂತ್ರ, ಅದೇ ಮದ್ದು, ಇಂಜೆಕ್ಷನ್ ಆಗಿ ಅಷ್ಟೇ ನಿಮಿಷಕ್ಕೆ. ಆ ನಿಮಿಷವನ್ನು ಇವತ್ತಿನ ವರದಿಯಲ್ಲೇ ಬರೆದಿಡಿ.