ಒದ್ದೆ ಒಂದು ಕಡೆ, ಒಣಗಿದ್ದು ಒಂದು ಕಡೆ

ಮಲೆನಾಡಿನಲ್ಲಿ ಬೆಳಿಗ್ಗೆ ಟೆಂಟು ಒಣಗಿರುವುದು ಅಪರೂಪ. ಮಳೆಗಾಲ ಕಳೆದ ಮೇಲೂ ಇಬ್ಬನಿ ಮತ್ತು ಒಳಗೆ ಮಲಗಿದವರ ಉಸಿರಿನ ತೇವ ಸೇರಿ ಮೇಲ್ಹೊದಿಕೆ ಹಿಂಡುವಷ್ಟು ನೆನೆದಿರುತ್ತದೆ. ಹಾಸನದಿಂದ ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವ ದಾರಿಗೆ ನಾನು ಸೈಕಲ್ಲಿಗೆ ಸಾಮಾನು ಕಟ್ಟುವಾಗ ಮೊದಲು ನೋಡುವುದೇ ಇದನ್ನು.

ಮೇಲ್ಹೊದಿಕೆಯನ್ನು ಒಳಟೆಂಟಿನಿಂದ ಬಿಚ್ಚಿ, ಬೇರೆ ಚೀಲದಲ್ಲಿ ಕ್ಯಾರಿಯರ್ ಮೇಲೆ ಕಟ್ಟುತ್ತೇನೆ. ಮಧ್ಯಾಹ್ನ ಊಟಕ್ಕೆ ನಿಂತಾಗ ಮೊದಲು ಕೈಗೆ ಸಿಗಬೇಕಾದದ್ದು ಅದೇ. ಬಿಸಿಲಿದ್ದರೆ ಬೇಲಿಯ ಮೇಲೆ ಹರವಿದ ಅರ್ಧ ಗಂಟೆಗೆ ಒಣಗುತ್ತದೆ. ಸ್ಲೀಪಿಂಗ್ ಬ್ಯಾಗ್ ಮತ್ತು ರಾತ್ರಿ ತೊಡುವ ಒಂದು ಜೊತೆ ಬಟ್ಟೆ ಕ್ಯಾರಿಯರಿನ ಎಡಬದಿಗೆ ನೇತುಹಾಕಿದ ಬ್ಯಾಗಿನೊಳಗೆ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ. ಚೀಲದ ಬಾಯಿ ತಿರುಚಿ, ಮಡಚಿ, ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಹಾಕಬೇಕು. ‘ವಾಟರ್‌ಪ್ರೂಫ್’ ಎಂದು ಮಾರುವ ಬ್ಯಾಗನ್ನೇ ನಂಬಬೇಡಿ, ಹೊಲಿಗೆಯಲ್ಲಿ ಸೋರುತ್ತದೆ. ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಹಗುರ ನಿಜ, ಆದರೆ ನೆನೆದರೆ ಮುದ್ದೆಯಾಗಿ ಬೆಚ್ಚಗಿಡುವುದಿಲ್ಲ. ಇಲ್ಲಿಗೆ ಸಿಂಥೆಟಿಕ್ ಸಾಕು.

ಬಲಬದಿಯಲ್ಲಿ ಸ್ಟೌ, ಪಾತ್ರೆ, ಅವಲಕ್ಕಿ, ಬೆಲ್ಲ, ಹುರಿಹಿಟ್ಟು. ಭಾರದ್ದೆಲ್ಲ ತಳಕ್ಕೆ, ಚಕ್ರದ ಅಚ್ಚಿನ ಹತ್ತಿರಕ್ಕೆ. ಎರಡೂ ಬದಿಯ ತೂಕದ ವ್ಯತ್ಯಾಸ ಅರ್ಧ ಕೆ.ಜಿ. ಮೀರಬಾರದು. ನೀರು ಬಿಟ್ಟು ಒಟ್ಟು 14 ಕೆ.ಜಿ. ನನ್ನ ಮಿತಿ, ಹ್ಯಾಂಡಲ್ ಬ್ಯಾಗಿಗೆ 2 ಕೆ.ಜಿ.ಗಿಂತ ಹೆಚ್ಚು ತುಂಬಿದರೆ ಇಳಿಜಾರಿನಲ್ಲಿ ಮುಂದಿನ ಚಕ್ರ ತೂಗಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಕ್ಯಾರಿಯರ್ ಬೋಲ್ಟು. ಕುಲುಕಾಟಕ್ಕೆ ಒಂದು ಸಡಿಲವಾಗಿ ಬಿದ್ದರೆ ಹೊರೆಯೆಲ್ಲ ಉಳಿದವುಗಳ ಮೇಲೆ ಬಿದ್ದು ಫ್ರೇಮಿನ ತೂತಿನೊಳಗೆ ಬೋಲ್ಟು ಕಚ್ಚುವ ಮರೆಸುತ್ತೇ ಕಿತ್ತು ಬರಬಹುದು. ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕ್ ಹಚ್ಚಿ ಬಿಗಿ ಮಾಡಿ, ದಿನಾ ಬೆಳಿಗ್ಗೆ 4 ಎಂ.ಎಂ. ಅಲೆನ್ ಕೀ ಹಾಕಿ ನೋಡುತ್ತೇನೆ. ಹೆಚ್ಚುವರಿ ಬೋಲ್ಟು ನಾಲ್ಕು. ಆಮೇಲಿನ ಸರದಿ ಹಿಂದಿನ ಚಕ್ರದ ಸ್ಪೋಕ್‌ಗಳದ್ದು. ಗೇರಿನ ಬದಿಯವು ಹೆಚ್ಚು ಬಿಗಿ ಇರುವುದರಿಂದ ಅಲ್ಲೇ ಮುರಿಯುವುದು ಜಾಸ್ತಿ. ಅವು ಎಡಬದಿಯವಕ್ಕಿಂತ ಸ್ವಲ್ಪ ಗಿಡ್ಡ, ಹಾಗಾಗಿ ಎರಡೂ ಅಳತೆಯವು ಎರಡೆರಡು ಬೇಕು, ಜೊತೆಗೆ ಕ್ಯಾಸೆಟ್ (ಹಿಂದಿನ ಗೇರಿನ ಹಲ್ಲುಚಕ್ರಗಳ ಕಟ್ಟು) ಬಿಚ್ಚುವ ಟೂಲ್. ಚಾರ್ಮಾಡಿಗೆ ಒಂದು ಜೊತೆ ಹೊಸ ಬ್ರೇಕ್ ಪ್ಯಾಡ್: ಒದ್ದೆ ರಸ್ತೆಯ ಮರಳು ರಿಮ್ಮಿಗೆ ಅಂಟಿ ಹಳೆಯದನ್ನು ಬೇಗ ಸವೆಸುತ್ತದೆ.

ಇಂಬಳಕ್ಕೆ (ಜಿಗಣೆಗೆ) ಉಪ್ಪು ಕಟ್ಟಿದ ಬಟ್ಟೆಗಂಟು ಹ್ಯಾಂಡಲ್ ಬ್ಯಾಗಿನ ಹೊರಜೇಬಿನಲ್ಲಿ.

ಇನ್ನು ಬಿಡಾರ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಫಿ ತೋಟಗಳಿಗೆ ಆನೆ ಬರುತ್ತದೆ. ತೋಟದ ಯಜಮಾನರನ್ನು ಕೇಳದೆ, ಆನೆ ಎಲ್ಲಿದೆ ಎಂದು ತಿಳಿಯದೆ ಟೆಂಟು ಹಾಕುವುದಿಲ್ಲ. ಕಾಡಿನಲ್ಲಂತೂ ಇಲ್ಲವೇ ಇಲ್ಲ. ಬಾಳೆ, ಹಲಸು ಜೊತೆಗಿರಲೇಬಾರದು. ಕೇಳಿದರೆ ಶಾಲೆಯ ಜಗಲಿಯೋ ದೇವಸ್ಥಾನದ ಪಡಸಾಲೆಯೋ ಸಿಗುತ್ತದೆ. ಸಿಮೆಂಟಿನ ಮೇಲೆ ಗೂಟ ಹೊಡೆಯಲಾಗದು, ಆದ್ದರಿಂದ ಗೂಟವಿಲ್ಲದೆ ನಿಲ್ಲುವ ಟೆಂಟೇ ಬೇಕು. ಅಲ್ಲಿ ಸೊಳ್ಳೆಗೆ ಒಳಟೆಂಟು ಸಾಕು, ಒದ್ದೆ ಮೇಲ್ಹೊದಿಕೆ ಹೊರಗೇ ನೇತಾಡಲಿ.